ಭಾರಿ ಲಾರಿಗಳ ಡೀಸೆಲ್ ಎಂಜಿನ್: ಸ್ಥಿರ ಹಾಗೂ ಬದಲಾಗುವ ರಚನೆಯ ಟರ್ಬೋಚಾರ್ಜರ್‌ಗಳು

ಕಬ್ಬು, ಮೆಕ್ಕೆಜೋಳ, ತರಕಾರಿ ಮುಂತಾದ ಉತ್ಪನ್ನಗಳನ್ನು ಸ್ವಂತ ಲಾರಿಯಲ್ಲಿ ಸಾಗಿಸುವ ರೈತರು ಮತ್ತು ರೈತ ಉತ್ಪಾದಕ ಸಂಸ್ಥೆಗಳಿಗೆ ಟರ್ಬೋಚಾರ್ಜರ್ ಕೆಟ್ಟಾಗ ಒಂದು ಪ್ರಶ್ನೆ ಎದುರಾಗುತ್ತದೆ: ಮೊದಲಿದ್ದ ದುಬಾರಿ ಬಗೆಯನ್ನೇ ಹಾಕಿಸಬೇಕೇ, ಅಗ್ಗದ ಸರಳ ಟರ್ಬೋ ಸಾಕೇ?

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಕಂಪ್ರೆಸರ್ ಚಕ್ರವು ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಈ ತತ್ತ್ವ ಎರಡೂ ಬಗೆಗಳಿಗೆ ಸಮಾನ.

ಸ್ಥಿರ ರಚನೆಯಲ್ಲಿ ಟರ್ಬೈನಿಗೆ ಹೊಗೆ ನುಗ್ಗುವ ದಾರಿಯ ಅಳತೆ ಬದಲಾಗದು. ದಾರಿ ಕಿರಿದಾದರೆ ಕಡಿಮೆ ವೇಗದಲ್ಲಿಯೇ ಒತ್ತಡ ಸಿಗುತ್ತದೆ, ಆದರೆ ಹೆಚ್ಚಿನ ವೇಗದಲ್ಲಿ ಉಸಿರು ಕಟ್ಟುತ್ತದೆ. ಅಗಲವಾದರೆ ಇದಕ್ಕೆ ವಿರುದ್ಧ. ಹೆಚ್ಚುವರಿ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಈ ತೊಡಕನ್ನು ಸ್ವಲ್ಪ ಮಟ್ಟಿಗೆ ಮಾತ್ರ ನಿವಾರಿಸುತ್ತದೆ. ಜನರೇಟರ್, ಪಂಪ್‌ಸೆಟ್‌ಗಳಂತೆ ಒಂದೇ ವೇಗದಲ್ಲಿ ದುಡಿಯುವ ಎಂಜಿನ್ನುಗಳಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಬದಲಾಗುವ ರಚನೆಯಲ್ಲಿ ಟರ್ಬೈನ್ ಚಕ್ರದ ಸುತ್ತ ಚಲಿಸುವ ಸಣ್ಣ ರೆಕ್ಕೆಗಳು ಅಥವಾ ಸರಿಯುವ ಉಂಗುರವಿದ್ದು, ಎಂಜಿನ್ನಿನ ಇಸಿಯು ಅದನ್ನು ನಿಯಂತ್ರಿಸುತ್ತದೆ. ತುಂಬಿದ ಲಾರಿ ನಿಂತಲ್ಲಿಂದ ಹೊರಡುವಾಗ ಮತ್ತು ಏರು ಹತ್ತುವಾಗ ದಾರಿ ಕಿರಿದಾಗಿ ಎಳೆತ ಬೇಗ ಒದಗುತ್ತದೆ. ಇಷ್ಟೇ ಆಗಿದ್ದರೆ ಬದಲಾವಣೆಯನ್ನು ಕೇವಲ ಖರ್ಚಿನ ಲೆಕ್ಕದಿಂದ ತೀರ್ಮಾನಿಸಬಹುದಿತ್ತು. ಆದರೆ ಇದಕ್ಕೆ ಇನ್ನೆರಡು ಕೆಲಸಗಳಿವೆ. ಹೊಗೆಯ ಒಂದು ಭಾಗವನ್ನು ಮರಳಿ ಎಂಜಿನ್ನಿಗೆ ಕಳುಹಿಸುವ ಇಜಿಆರ್ ವ್ಯವಸ್ಥೆಗೆ ಬೇಕಾದ ಹಿಂದೊತ್ತಡವನ್ನು ಇದು ಒದಗಿಸುತ್ತದೆ. ಕೆಲವು ಮಾದರಿಗಳಲ್ಲಿ ದಾರಿಯನ್ನು ಬಹುತೇಕ ಮುಚ್ಚಿ ಎಂಜಿನ್ ಬ್ರೇಕಿಗೂ ನೆರವಾಗುತ್ತದೆ.

ಆದ್ದರಿಂದ ಇಂತಹ ಲಾರಿಗೆ ಸ್ಥಿರ ಟರ್ಬೋ ಹಾಕಿಸಿದರೆ ಇಸಿಯು ದೋಷ ಸೂಚಿಸಿ ಎಂಜಿನ್ ಶಕ್ತಿಯನ್ನು ತಗ್ಗಿಸಬಹುದು; 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿಎಸ್-6 ಮಾನದಂಡಕ್ಕೆ ವಾಹನ ಹೊರತಾಗಬಹುದು. ಇವೆರಡಕ್ಕಿಂತ ಗಂಭೀರವಾದುದು ಬ್ರೇಕಿನ ವಿಷಯ. ತುಂಬಿದ ಲಾರಿ ಶಿರಾಡಿ ಘಾಟಿಯಂತಹ ಇಳಿಜಾರಿನಲ್ಲಿ ಸಾಗುವಾಗ ಎಂಜಿನ್ ಬ್ರೇಕ್ ದುರ್ಬಲವಾಗಿದ್ದರೆ ಪೂರ್ಣ ಹೊರೆ ಚಕ್ರದ ಬ್ರೇಕುಗಳ ಮೇಲೆ ಬಿದ್ದು, ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಉಳಿತಾಯದ ಮಾತು ಅಲ್ಲಿಗೆ ಮುಗಿಯಿತು. ಮೊದಲಿನಿಂದಲೂ ಸ್ಥಿರ ಟರ್ಬೋ ಇರುವ ಲಾರಿಗಳಿಗೆ ಈ ಆತಂಕವಿಲ್ಲ. ಅವುಗಳ ಎಂಜಿನ್ ಬ್ರೇಕನ್ನು ಬೇರೆ ರೀತಿಯಲ್ಲಿ ರೂಪಿಸಲಾಗಿರುತ್ತದೆ.

ಬದಲಾಗುವ ರಚನೆಯ ದೌರ್ಬಲ್ಯ ಮಸಿ. ಕಾರ್ಖಾನೆಯ ಮುಂದೆ ಕಬ್ಬಿನ ಸರದಿಯಲ್ಲಿ ಗಂಟೆಗಟ್ಟಲೆ ಎಂಜಿನ್ ಚಾಲೂ ಇಟ್ಟು ನಿಂತರೆ ಹೊಗೆ ಸಾಕಷ್ಟು ಕಾಯದೆ ಮಸಿ ಕಟ್ಟಿ ರೆಕ್ಕೆಗಳು ಅಂಟಿಕೊಳ್ಳುತ್ತವೆ. ಅಂತಹ ಕಡೆ ಎಂಜಿನ್ ಆರಿಸುವುದು ಲೇಸು. ಎಳೆತ ಕುಗ್ಗಿದ ಕೂಡಲೇ ಟರ್ಬೋ ಕಳಚಿಸದೆ, ಮೊದಲು ದೋಷ ಸಂಕೇತ ಓದಿಸಿ, ಏರ್ ಹೋಸ್‌ಗಳ ಸೋರಿಕೆ, ಏರ್ ಫಿಲ್ಟರ್ ಹಾಗೂ ಆಕ್ಚುಯೇಟರ್ ಪರೀಕ್ಷಿಸಬೇಕು. ಅನೇಕ ವೇಳೆ ದೋಷ ಅಲ್ಲಿಯೇ ಇರುತ್ತದೆ.

ಆಯಿಲ್ ವಿಷಯದಲ್ಲಿ ಎರಡೂ ಬಗೆಗಳಿಗೆ ನಿಯಮ ಒಂದೇ. ಭಾರಿ ಎಂಜಿನ್ನಿನ ಟರ್ಬೋ ಶಾಫ್ಟ್ ನಿಮಿಷಕ್ಕೆ ಸುಮಾರು 1 ಲಕ್ಷ ಸುತ್ತು ತಿರುಗುವುದರಿಂದ, ತಯಾರಕರು ಸೂಚಿಸಿದ ದರ್ಜೆಯ ಆಯಿಲನ್ನೇ ಬಳಸಿ ಅವಧಿಗೆ ಸರಿಯಾಗಿ ಬದಲಿಸತಕ್ಕದ್ದು. ಹೊರೆ ಎಳೆದು ಬಂದ ಎಂಜಿನ್ನನ್ನು 2–3 ನಿಮಿಷ ನಿಧಾನಗತಿಯಲ್ಲಿ ಓಡಿಸಿದ ನಂತರವೇ ಆರಿಸಬೇಕು.