ಒಂದು ನದಿ, ಎರಡು ಹೆಸರು, ಎಂಟು ವರ್ಷಗಳ ಯುದ್ಧ

ಟೈಗ್ರಿಸ್ ಮತ್ತು ಯೂಫ್ರಟಿಸ್ ನದಿಗಳು ಇರಾಕಿನ ಕುರ್ನಾ ಎಂಬಲ್ಲಿ ಕೂಡಿ, ಸುಮಾರು 200 ಕಿ.ಮೀ. ಹರಿದು ಸಮುದ್ರ ಸೇರುತ್ತವೆ. ಈ ಕೂಡುನದಿಯನ್ನು ಅರಬರು ಶತ್ತುಲ್ ಅರಬ್ ಎಂದೂ ಇರಾನಿನವರು ಅರ್ವಂದ್ ರೂದ್ ಎಂದೂ ಕರೆಯುತ್ತಾರೆ. ಇದರ ಕೆಳಭಾಗ ಇರಾಕ್ ಮತ್ತು ಇರಾನ್‌ಗಳ ಗಡಿ. ಇರಾಕಿನ ಬಸ್ರಾ ಬಂದರು, ಇರಾನಿನ ಅಬಾದಾನ್ ತೈಲ ಶುದ್ಧೀಕರಣ ಕೇಂದ್ರ ಎರಡೂ ಇದರ ದಡದಲ್ಲಿವೆ. ಹೀಗಾಗಿ ಗಡಿರೇಖೆ ನೀರಿನಲ್ಲಿ ಎಲ್ಲಿ ಹಾಯುತ್ತದೆ ಎಂಬುದು ದೊಡ್ಡ ಪ್ರಶ್ನೆಯಾಯಿತು.

1937ರ ಒಪ್ಪಂದದಂತೆ ನದಿಯ ಹೆಚ್ಚಿನ ಭಾಗ ಇರಾಕಿಗೆ ಸೇರಿತ್ತು. 1969ರಲ್ಲಿ ಇರಾನ್ ಅದನ್ನು ತಿರಸ್ಕರಿಸಿತು. ಇರಾಕಿನ ಸರ್ಕಾರದ ವಿರುದ್ಧ ಬಂಡೆದ್ದ ಕುರ್ದರಿಗೆ ನೆರವನ್ನೂ ನೀಡಿತು. 1975ರ ಮಾರ್ಚ್ 6ರಂದು ಅಲ್ಜೀರಿಯಾದ ಅಧ್ಯಕ್ಷ ಬೂಮೆದಿಯನ್ ಅವರ ಮಧ್ಯಸ್ಥಿಕೆಯಲ್ಲಿ ಇರಾನಿನ ಶಾಹ್ ಮತ್ತು ಸದ್ದಾಂ ಹುಸೇನ್ ರಾಜಿಯಾದರು. ಹಡಗು ಸಾಗುವ ಆಳವಾದ ಹರಿವಿನ ನಡುವೆ ಗಡಿ ನಿಂತಿತು. ಕುರ್ದರಿಗೆ ದೊರೆಯುತ್ತಿದ್ದ ನೆರವು ನಿಂತಿತು.

1979ರ ಕ್ರಾಂತಿಯಲ್ಲಿ ಶಾಹ್ ಆಳ್ವಿಕೆ ಕೊನೆಗೊಂಡಿತು. ಇರಾನಿನ ಸೇನೆ ದುರ್ಬಲವಾಗಿದೆ ಎಂದೆಣಿಸಿದ ಸದ್ದಾಂ, 1980ರ ಸೆಪ್ಟೆಂಬರ್ 17ರಂದು ಒಪ್ಪಂದವನ್ನು ರದ್ದುಗೊಳಿಸಿ, 22ರಂದು ದಾಳಿಯಿಟ್ಟರು. ಖುರ್ರಂಶಹರ್ ಇರಾಕಿನ ವಶವಾಯಿತು. 1982ರ ಮೇ 24ರಂದು ಇರಾನ್ ಅದನ್ನು ಮರಳಿ ಪಡೆಯಿತು. ಕಳೆದುಕೊಂಡ ನೆಲ ಬಹುಪಾಲು ಕೈಸೇರಿದ್ದರಿಂದ ಯುದ್ಧ ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಇರಾನ್ ಇರಾಕಿನೊಳಗೆ ನುಗ್ಗಿತು. ಶಾಲೆಯಲ್ಲಿರಬೇಕಾದ ಹುಡುಗರೂ ರಣರಂಗಕ್ಕೆ ಹೋದರು. 1988ರ ಮಾರ್ಚ್‌ನಲ್ಲಿ ಇರಾಕಿನ ಸೇನೆ ತನ್ನದೇ ದೇಶದ ಹಲಬ್ಜಾ ಪಟ್ಟಣದ ಕುರ್ದರ ಮೇಲೆ ವಿಷಾನಿಲ ಸುರಿಯಿತು. ಲಕ್ಷಾಂತರ ಜೀವಗಳು ಹೋದ ಮೇಲೆ, 1988ರ ಆಗಸ್ಟ್ 20ರಂದು ಕದನವಿರಾಮ ಜಾರಿಗೆ ಬಂತು.

ಗೆದ್ದವರು ಯಾರು? 1990ರ ಆಗಸ್ಟ್‌ನಲ್ಲಿ ಕುವೈತ್ ಮೇಲೆ ದಾಳಿ ಮಾಡಿ ಒಂಟಿಯಾದ ಸದ್ದಾಂ, ತಾವೇ ರದ್ದುಗೊಳಿಸಿದ್ದ 1975ರ ಒಪ್ಪಂದವನ್ನು ಮತ್ತೆ ಒಪ್ಪಿಕೊಂಡರು. 2019ರ ಮಾರ್ಚ್‌ನಲ್ಲಿ ಇರಾನಿನ ಅಧ್ಯಕ್ಷ ರೂಹಾನಿ ಬಗ್ದಾದಿಗೆ ಬಂದಾಗಲೂ ಎರಡೂ ದೇಶಗಳು ಅದನ್ನೇ ಪಾಲಿಸುವುದಾಗಿ ಸಾರಿದವು.

ವಿದ್ಯಾರ್ಥಿಗಳೇ, ಪರೀಕ್ಷೆಗಾಗಿ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡುತ್ತೇವೆ. ಅದರ ಜೊತೆಗೆ ಯುದ್ಧದ ಮೊದಲಿನ ಮತ್ತು ನಂತರದ ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಇಲ್ಲಿ ಗಡಿರೇಖೆ ಇದ್ದಲ್ಲೇ ಇದೆ. ಒಂದೇ ಧರ್ಮ, ಶತಮಾನಗಳ ಒಡನಾಟ ಯಾವುದೂ ಈ ಯುದ್ಧವನ್ನು ತಡೆಯಲಿಲ್ಲ. ಮಾತಿಗೆ ಕುಳಿತಾಗ ಮಾತ್ರ ಗಡಿ ಇತ್ಯರ್ಥವಾಯಿತು. ಆ ಮಾತುಕತೆ ಯುದ್ಧಕ್ಕೆ ಐದು ವರ್ಷ ಮೊದಲೇ ಮುಗಿದಿತ್ತು ಎಂಬುದೇ ಈ ಚರಿತ್ರೆಯ ದುರಂತ.