ಅಡುಗೆಮನೆಯ ಕಟ್ಟೆಗೆ ಯಾವ ಹಾಸು? ಇಳಕಲ್ ಗ್ರಾನೈಟ್‌ನಿಂದ ಸಾಲಿಡ್ ಸರ್ಫೇಸ್‌ವರೆಗೆ

ಬಾಗಲಕೋಟೆ: ಮನೆ ಕಟ್ಟುವವರು ಗೋಡೆಯ ಬಣ್ಣವನ್ನು ಐದಾರು ವರ್ಷಗಳಿಗೊಮ್ಮೆ ಬದಲಿಸಬಹುದು. ಅಡುಗೆಮನೆಯ ಕಟ್ಟೆಯ ಮೇಲಿನ ಹಾಸನ್ನು ಹಾಗೆ ಬದಲಿಸಲಾಗದು. ಅದನ್ನು ಕಿತ್ತರೆ ಸಿಂಕ್, ನಲ್ಲಿ, ಗೋಡೆಯ ಟೈಲ್ಸ್, ಕೆಳಗಿನ ಕಪಾಟು ಎಲ್ಲವನ್ನೂ ಅಲುಗಾಡಿಸಬೇಕಾಗುತ್ತದೆ. ಆದುದರಿಂದ ಈ ಒಂದು ಆಯ್ಕೆಯನ್ನು ಅಂಗಡಿಯವರ ಅಥವಾ ಗೌಂಡಿಗಳ ಮಾತಿಗೆ ಬಿಟ್ಟುಬಿಡದೆ, ಮನೆಯಲ್ಲಿ ನಿತ್ಯ ಅಡುಗೆ ಮಾಡುವವರೇ ಮುಂದೆ ನಿಂತು ನಿರ್ಧರಿಸುವುದು ಒಳಿತು.

ಮುಳುಗಡೆಯಿಂದಾಗಿ ಹಳೆಯ ಊರು ಬಿಟ್ಟು ನವನಗರದಲ್ಲಿ ಮನೆ ಕಟ್ಟಿಕೊಂಡವರಿಂದ ಹಿಡಿದು ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಫ್ಲ್ಯಾಟ್ ಕೊಂಡವರವರೆಗೆ ಎಲ್ಲರ ಮುಂದೆಯೂ ಇಂದು ಒಂದೇ ಪ್ರಶ್ನೆಯಿದೆ. ನೈಸರ್ಗಿಕ ಗ್ರಾನೈಟ್ ಸಾಕೇ, ಸಾಲಿಡ್ ಸರ್ಫೇಸ್ ಎಂಬ ಕೃತಕ ಹಾಸು ಬೇಕೇ, ಅಥವಾ ಕ್ವಾರ್ಟ್ಜ್ ಲೇಸೇ? ಈ ಮೂರರ ಗುಣ, ದೋಷ, ಆರೈಕೆಗಳ ವಿವರ ಇಲ್ಲಿದೆ.

ಜಿಲ್ಲೆಯ ಕಲ್ಲುಗಳು

ಕಲ್ಲಿನ ವಿಷಯದಲ್ಲಿ ಬಾಗಲಕೋಟೆ ಜಿಲ್ಲೆ ಶ್ರೀಮಂತವಾಗಿದೆ. ಆದರೆ ಇಲ್ಲಿನ ಎಲ್ಲ ಕಲ್ಲುಗಳೂ ಅಡುಗೆಮನೆಗೆ ಒಗ್ಗುವುದಿಲ್ಲ.

ಇಳಕಲ್ ಮತ್ತು ಹುನಗುಂದ ಭಾಗದಲ್ಲಿ ದೊರೆಯುವ ಕೆಂಪು ಗ್ರಾನೈಟ್ ದೇಶ ವಿದೇಶಗಳಲ್ಲಿ ಹೆಸರು ಪಡೆದಿದೆ. ಇದರಲ್ಲಿರುವ ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್ ಎಂಬ ಖನಿಜವೇ ಕೆಂಪು ಬಣ್ಣಕ್ಕೆ ಮುಖ್ಯ ಕಾರಣ. ಫೆಲ್ಡ್‌ಸ್ಪಾರ್ ಹಾಗೂ ಕ್ವಾರ್ಟ್ಜ್ ಎರಡೂ ಗಟ್ಟಿ ಖನಿಜಗಳು. ಖನಿಜಗಳ ಗಡಸುತನವನ್ನು ಅಳೆಯುವ 10 ಅಂಕಗಳ ಮೊಹ್ಸ್ ಮಾಪನದಲ್ಲಿ ಇವು 6 ಮತ್ತು 7ರ ಸ್ಥಾನದಲ್ಲಿವೆ. ಹೀಗಾಗಿ ಅಡುಗೆಮನೆಯ ಸಾಮಾನ್ಯ ಚಾಕುವಿನಿಂದ ಗ್ರಾನೈಟ್ ಮೇಲೆ ಸುಲಭವಾಗಿ ಗೀರು ಬೀಳದು. ನಿಂಬೆ, ಹುಣಸೆ ರಸಗಳು ಅದರ ಹೊಳಪನ್ನು ಬೇಗನೆ ಕೆಡಿಸಲಾರವು.

ಬಾದಾಮಿಯ ಮರಳುಗಲ್ಲಿನ ಕಥೆ ಬೇರೆ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯ ಶಿಲ್ಪಗಳು ಇಂದಿಗೂ ಉಳಿದಿರುವುದನ್ನು ಕಂಡು, ಅದೇ ಬಗೆಯ ಕಲ್ಲನ್ನು ಅಡುಗೆ ಕಟ್ಟೆಗೂ ಹಾಕಿಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ಮರಳಿನ ಕಣಗಳು ಒಂದಕ್ಕೊಂದು ಬೆಸೆದು ಆದ ಈ ಕಲ್ಲಿನಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಎಣ್ಣೆ, ಅರಿಶಿಣ, ಸಾರು ಒಳಗಿಳಿದರೆ ಮತ್ತೆ ಹೊರಬರುವುದು ಕಷ್ಟ. ಅಂಗಳಕ್ಕೆ, ಕಟ್ಟಡದ ಮುಖಕ್ಕೆ, ಕಂಬಗಳಿಗೆ ಅದು ಸೊಗಸು. ಒಲೆಯ ಪಕ್ಕಕ್ಕೆ ತಕ್ಕುದಲ್ಲ.

ಹಳೆಯ ಮನೆಗಳಲ್ಲಿ ಕಾಣುವ ಶಹಾಬಾದ್ ಫರಸಿ ಹಾಗೂ ಕಡಪ ಕಲ್ಲು ಸುಣ್ಣಕಲ್ಲಿನ ಜಾತಿಗೆ ಸೇರಿದವು. ಇವುಗಳ ಬೆಲೆ ಕಡಿಮೆ. ಆದರೆ ಸುಣ್ಣಕಲ್ಲು ಹುಳಿಗೆ ಕರಗುತ್ತದೆ. ನಿಂಬೆ ಹಿಂಡಿದ ಕಡೆ, ಹುಣಸೆ ನೆನೆಸಿದ ಪಾತ್ರೆಯಿಟ್ಟ ಕಡೆ ಹೊಳಪು ಹೋಗಿ ಮಂಕು ಬಣ್ಣ ಉಳಿಯುತ್ತದೆ. ಅಮೃತಶಿಲೆಗೂ ಇದೇ ಮಾತು ಅನ್ವಯಿಸುತ್ತದೆ. ಕಡಪ ಕಲ್ಲನ್ನು ಕಟ್ಟೆಯ ಅಡಿಯಲ್ಲಿ ಆಧಾರವಾಗಿಯೋ, ಕಪಾಟಿನ ಅಡ್ಡಹಲಗೆಯಾಗಿಯೋ ಬಳಸುವುದು ಜಾಣತನ.

ಸಾಲಿಡ್ ಸರ್ಫೇಸ್ ಎಂದರೇನು?

ಅಮೆರಿಕದ ಡುಪಾಂಟ್ ಕಂಪನಿಯು 1960ರ ದಶಕದ ಕೊನೆಯಲ್ಲಿ ರೂಪಿಸಿದ ಕೋರಿಯನ್ ಈ ಬಗೆಯ ಹಾಸುಗಳಲ್ಲಿ ಮೊದಲನೆಯದು. ಇಂದು ಹಲವು ಕಂಪನಿಗಳು ಇದನ್ನು ತಯಾರಿಸುತ್ತಿವೆ. ಇದರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅಕ್ರಿಲಿಕ್ ರಾಳ, ಉಳಿದದ್ದು ಬಾಕ್ಸೈಟ್ ಅದಿರಿನಿಂದ ಪಡೆದ ಅಲ್ಯುಮಿನಿಯಂ ಟ್ರೈಹೈಡ್ರೇಟ್ ಎಂಬ ಬಿಳಿ ಪುಡಿ ಹಾಗೂ ಬಣ್ಣ. ಮೇಲಿನಿಂದ ಕೆಳಗಿನವರೆಗೆ ಒಂದೇ ವಸ್ತುವಿನಿಂದ ಆಗಿರುವುದರಿಂದ ಈ ಹೆಸರು ಬಂದಿದೆ. ಮೈಕಾ ಹಾಳೆಯಂತೆ ಇದರ ಮೇಲ್ಪದರ ಏಳುವುದಿಲ್ಲ.

ಇದರ ಮುಖ್ಯ ಅನುಕೂಲಗಳು ಇವು:

* ರಂಧ್ರಗಳಿಲ್ಲದ ಕಾರಣ ನೀರು, ಎಣ್ಣೆ ಒಳಗಿಳಿಯುವುದಿಲ್ಲ. ಮೇಲೆ ಸೀಲರ್ ಬಳಿಯುವ ಅಗತ್ಯವಿಲ್ಲ.
* ಎರಡು ಹಾಳೆಗಳನ್ನು ಅದೇ ಬಣ್ಣದ ಅಂಟಿನಿಂದ ಜೋಡಿಸಿ ಉಜ್ಜಿದರೆ ಸಂದು ಕಣ್ಣಿಗೆ ಬೀಳದು. ಸಿಂಕನ್ನೂ ಹೀಗೆಯೇ ಕೂಡಿಸಬಹುದು.
* ಗೀರು ಬಿದ್ದರೆ ಉಜ್ಜಿ ತೆಗೆಯಬಹುದು. ತುಂಡು ಮುರಿದರೆ ಆ ಭಾಗವನ್ನಷ್ಟೇ ಕತ್ತರಿಸಿ ಹೊಸದನ್ನು ಕೂರಿಸಬಹುದು.
* ಕಾಯಿಸಿ ಬಾಗಿಸಲು ಬರುವುದರಿಂದ ದುಂಡನೆಯ ಕಟ್ಟೆಗಳನ್ನೂ ಮಾಡಬಹುದು.

ಅನಾನುಕೂಲಗಳೂ ಅಷ್ಟೇ ಸ್ಪಷ್ಟವಾಗಿವೆ. ಬಿಸಿಯನ್ನು ಇದು ಗ್ರಾನೈಟ್‌ನಂತೆ ತಾಳದು. ಒಲೆಯಿಂದ ಇಳಿಸಿದ ತವೆಯನ್ನು ನೇರವಾಗಿ ಇಟ್ಟರೆ ಗುರುತು ಬೀಳುವುದು, ಉಬ್ಬುವುದು ಅಥವಾ ಬಿರುಕು ಬಿಡುವುದು ಖಚಿತ. ಚಾಕುವಿನ ಗೀರು ಬೇಗ ಬೀಳುತ್ತದೆ. ಕಡು ಬಣ್ಣಗಳಲ್ಲಿ ಅದು ಎದ್ದು ಕಾಣುತ್ತದೆ. ಜಿಲ್ಲೆಯಲ್ಲಿಯೇ ದೊರೆಯುವ ಗ್ರಾನೈಟ್‌ಗಿಂತ ಬೆಲೆಯೂ ಹೆಚ್ಚು. ಇದನ್ನು ಜೋಡಿಸಲು ತರಬೇತಿ ಪಡೆದ ಕೆಲಸಗಾರರು ಬೇಕು.

ಕ್ವಾರ್ಟ್ಜ್ ಬೇರೆಯೇ ವಸ್ತು

ಅಂಗಡಿಗಳಲ್ಲಿ ಸಾಲಿಡ್ ಸರ್ಫೇಸ್ ಮತ್ತು ಕ್ವಾರ್ಟ್ಜ್ ಎರಡನ್ನೂ ಒಂದೇ ಎಂಬಂತೆ ತೋರಿಸುವುದುಂಟು. ಕ್ವಾರ್ಟ್ಜ್ ಹಾಸಿನಲ್ಲಿ ಸಾಮಾನ್ಯವಾಗಿ ಶೇ. 90ರಷ್ಟು ಕ್ವಾರ್ಟ್ಜ್ ಪುಡಿಯನ್ನು ರಾಳದೊಂದಿಗೆ ಒತ್ತಿ ಗಟ್ಟಿ ಮಾಡಿರುತ್ತಾರೆ. ಇದು ಗೀರು ಮತ್ತು ಕಲೆಗಳನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಒಳಗಿನ ರಾಳ ಬಿಸಿಗೆ ಕಂದುಬಣ್ಣಕ್ಕೆ ತಿರುಗಬಹುದು. ಬಿಸಿಲು ಬೀಳುವ ಹೊರಗಿನ ಕಟ್ಟೆಗೂ ಇದು ಸಲ್ಲದು.

ಯಾವ ಮನೆಗೆ ಯಾವುದು?

ನಿತ್ಯ ಜೋಳದ ರೊಟ್ಟಿ ಬಡಿಯುವ, ಕಾದ ತವೆಯನ್ನು ಕೈಗೆ ಸಿಕ್ಕಲ್ಲಿ ಇಳಿಸುವ, ಹತ್ತಾರು ಜನರಿಗೆ ಅಡುಗೆಯಾಗುವ ಮನೆಗೆ ಗ್ರಾನೈಟ್ ಸೂಕ್ತ. ಜಿಲ್ಲೆಯವರಿಗೆ ಅದು ಹತ್ತಿರದಲ್ಲೇ ಸಿಗುವುದರಿಂದ ಸಾಗಣೆ ವೆಚ್ಚವೂ ಕಡಿಮೆಯಾಗುತ್ತದೆ.

ಅಡುಗೆ ಮಿತವಾಗಿರುವ, ಸಂದುಗಳಿಲ್ಲದ ತಿಳಿಬಣ್ಣದ ಕಟ್ಟೆ ಬೇಕೆನ್ನುವ, ಬಿಸಿ ಪಾತ್ರೆಯ ಕೆಳಗೆ ಮಣೆ ಇಡುವ ಶಿಸ್ತಿರುವ ಮನೆಗೆ ಸಾಲಿಡ್ ಸರ್ಫೇಸ್ ಆಗಬಹುದು. ಎರಡನ್ನೂ ಕೂಡಿಸುವ ಮಾರ್ಗವೂ ಇದೆ: ಒಲೆಯ ಭಾಗಕ್ಕೆ ಗ್ರಾನೈಟ್, ಸಿಂಕ್ ಇರುವ ಅಥವಾ ಊಟದ ಮನೆಯತ್ತ ತೆರೆದ ಭಾಗಕ್ಕೆ ಸಾಲಿಡ್ ಸರ್ಫೇಸ್.

ತೂಕವನ್ನೂ ಗಮನಿಸಬೇಕು. 18 ಮಿ.ಮೀ. ದಪ್ಪದ ಗ್ರಾನೈಟ್ ಚದರ ಅಡಿಗೆ ಸುಮಾರು ನಾಲ್ಕೂವರೆ ಕೆ.ಜಿ. ತೂಗುತ್ತದೆ. ಸಾಲಿಡ್ ಸರ್ಫೇಸ್‌ನಲ್ಲಿ ಸಾಮಾನ್ಯವಾದ 12 ಮಿ.ಮೀ. ಹಾಳೆ ಚದರ ಅಡಿಗೆ ಸುಮಾರು ಎರಡು ಕೆ.ಜಿ. ಇರುತ್ತದೆ. 20 ಚದರ ಅಡಿಯ ಕಟ್ಟೆಗೆ ಇದು 90 ಕೆ.ಜಿ. ಮತ್ತು 40 ಕೆ.ಜಿ.ಗಳ ವ್ಯತ್ಯಾಸವಾಗುತ್ತದೆ. ಮರದ ಕಪಾಟಿನ ಮೇಲೆ ಹಾಸು ಕೂರಿಸುವವರು ಕಪಾಟು ಈ ಭಾರವನ್ನು ತಾಳುವುದೇ ಎಂದು ಬಡಗಿಯನ್ನು ಮೊದಲೇ ಕೇಳಬೇಕು.

ಖರೀದಿಗೆ ಮುನ್ನ

1. ಅಳತೆ: ಕಟ್ಟೆಯ ಅಗಲ ಸಾಮಾನ್ಯವಾಗಿ 2 ಅಡಿ ಇರುತ್ತದೆ. ಮೂಲೆಯಲ್ಲಿ ತಿರುಗುವ ಕಟ್ಟೆಯಾದರೆ ಮೂಲೆಯನ್ನು ಎರಡು ಬಾರಿ ಲೆಕ್ಕ ಹಿಡಿಯದಂತೆ ನೋಡಿಕೊಳ್ಳಿ. ಒಂದು ಗೋಡೆ 10 ಅಡಿ, ಇನ್ನೊಂದು 6 ಅಡಿ ಇದ್ದರೆ ಬೇಕಾಗುವುದು 28 ಚದರ ಅಡಿ, 32 ಅಲ್ಲ. ಕತ್ತರಿಸುವಾಗ ಆಗುವ ನಷ್ಟ, ಅಂಚಿನ ಪಾಲಿಶ್, ಸಿಂಕ್‌ಗಾಗಿ ಕೊರೆಯುವ ಕೂಲಿ ಇವುಗಳನ್ನು ಬೇರೆಯಾಗಿ ಬರೆಸಿಕೊಳ್ಳಿ.

2. ಬಿರುಕಿನ ಪರೀಕ್ಷೆ: ಗ್ರಾನೈಟ್ ಹಲಗೆಯ ಮೇಲೆ ನೀರು ಹರಿಸಿ ಒರೆಸಿ. ಬಿರುಕಿದ್ದರೆ ಆ ಗೆರೆ ಉಳಿದ ಭಾಗಕ್ಕಿಂತ ತಡವಾಗಿ ಒಣಗುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಸ್ಪಷ್ಟ ನಾದ ಬಂದರೆ ಒಳ್ಳೆಯದು. ಒಡಕು ದನಿ ಬಂದರೆ ಬೇರೆ ಹಲಗೆ ಕೇಳಿ.

3. ಬಣ್ಣದ ಪರೀಕ್ಷೆ: ಕಪ್ಪು ಕಲ್ಲಿಗೆ ಬಣ್ಣ ಅಥವಾ ಎಣ್ಣೆ ಬಳಿದು ಮಾರುವುದುಂಟು. ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿದಾಗ ಕಪ್ಪು ಅಂಟಿದರೆ ಆ ಕಲ್ಲು ಬೇಡ.

4. ಮಾದರಿ ತುಂಡು: ಒಂದು ತುಂಡನ್ನು ಮನೆಗೆ ತಂದು ನಿಂಬೆರಸ, ಅಡುಗೆ ಎಣ್ಣೆ, ಅರಿಶಿಣದ ನೀರು ತಲಾ ಒಂದೊಂದು ಹನಿ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ತೊಳೆದಾಗ ಕಾಣುವುದು ಜಾಹೀರಾತಿಗಿಂತ ಹೆಚ್ಚು ವಿಶ್ವಾಸಾರ್ಹ.

5. ಒಂದೇ ಬ್ಲಾಕ್: ನೈಸರ್ಗಿಕ ಕಲ್ಲಿನ ಬಣ್ಣ ಬಂಡೆಯಿಂದ ಬಂಡೆಗೆ ಬದಲಾಗುತ್ತದೆ. ಎಲ್ಲ ಹಲಗೆಗಳೂ ಒಂದೇ ಬಂಡೆಯಿಂದ ಕೊಯ್ದವೇ ಎಂದು ಕೇಳಿ, ಪಕ್ಕಪಕ್ಕ ಇಟ್ಟು ನೋಡಿ.

6. ಸಾಲಿಡ್ ಸರ್ಫೇಸ್ ಕೊಳ್ಳುವಾಗ: ಪೂರ್ಣ ಅಕ್ರಿಲಿಕ್ಕೇ, ಪಾಲಿಯೆಸ್ಟರ್ ಬೆರೆತದ್ದೇ ಎಂದು ರಸೀದಿಯಲ್ಲಿ ಬರೆಸಿ. ಪಾಲಿಯೆಸ್ಟರ್ ಬೆರೆತದ್ದು ಅಗ್ಗ, ಆದರೆ ಹೆಚ್ಚು ಪೆಡಸು. ಖಾತರಿಯು ಹಾಳೆಗೆ ಮಾತ್ರವೇ, ಜೋಡಣೆಗೂ ಇದೆಯೇ ಎಂದು ತಿಳಿಯಿರಿ. ದುರಸ್ತಿಗೆ ಬರುವ ಕೆಲಸಗಾರರು ಯಾವ ಊರಿನಲ್ಲಿದ್ದಾರೆ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸಿ.

ಅಳವಡಿಸುವಾಗ

ಕಟ್ಟೆಯ ಎತ್ತರ ಅಡುಗೆ ಮಾಡುವವರ ಮೊಣಕೈಗಿಂತ ನಾಲ್ಕಾರು ಅಂಗುಲ ಕೆಳಗಿರಬೇಕು. ಹಲವು ಮನೆಗಳಿಗೆ ಇದು 32ರಿಂದ 34 ಅಂಗುಲವಾಗುತ್ತದೆ. ಗೌಂಡಿಯ ರೂಢಿಯ ಅಳತೆಗೆ ಒಪ್ಪದೆ ಮನೆಯವರನ್ನು ನಿಲ್ಲಿಸಿ ಅಳೆಯುವುದು ಮೇಲು.

ಗ್ರಾನೈಟ್ ಹಲಗೆ ಸಿಂಕ್ ಕೊರೆದ ಜಾಗದ ಇಕ್ಕಟ್ಟಾದ ಅಂಚಿನಲ್ಲಿ ಅತಿ ದುರ್ಬಲವಾಗಿರುತ್ತದೆ. ಅಲ್ಲಿ ಕೆಳಗಿನಿಂದ ಆಧಾರ ಕೊಡಬೇಕು. ಹೊರ ಅಂಚಿನ ಅಡಿಯಲ್ಲಿ ಒಂದು ಸಣ್ಣ ಗಾಡಿ ಕೊರೆಸಿದರೆ ಚೆಲ್ಲಿದ ನೀರು ಕಪಾಟಿನೊಳಗೆ ಹರಿಯದೆ ಅಲ್ಲಿಂದಲೇ ಕೆಳಗೆ ಬೀಳುತ್ತದೆ.

ಸಾಲಿಡ್ ಸರ್ಫೇಸ್ ಬಿಸಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ನಮ್ಮ ಭಾಗದಲ್ಲಿ ಗೋಡೆಯ ಕಡೆ ಕೆಲವು ಮಿಲಿಮೀಟರ್ ಸಂದು ಬಿಟ್ಟು ಸಿಲಿಕೋನ್ ತುಂಬುವುದು ಅಗತ್ಯ. ಒಲೆಗಾಗಿ ಕತ್ತರಿಸಿದ ರಂಧ್ರದ ಮೂಲೆಗಳು ಚೂಪಾಗಿರದೆ ದುಂಡಗಿರಬೇಕು ಮತ್ತು ಅದರ ಸುತ್ತ ಶಾಖ ತಡೆಯುವ ಅಲ್ಯುಮಿನಿಯಂ ಪಟ್ಟಿ ಅಂಟಿಸಬೇಕು. ಎರಡು ಹಾಳೆಗಳ ಜೋಡಣೆ ಒಲೆಯ ಬಳಿ ಬರಕೂಡದು.

ದೂಳಿನ ಬಗ್ಗೆ ಎಚ್ಚರ

ಕಲ್ಲು ಕೊಯ್ಯುವಾಗ ಏಳುವ ದೂಳಿನ ಬಗ್ಗೆ ಮನೆ ಕಟ್ಟಿಸುವವರು ಯೋಚಿಸುವುದು ಅಪರೂಪ. ಗ್ರಾನೈಟ್, ಮರಳುಗಲ್ಲು, ಕ್ವಾರ್ಟ್ಜ್ ಇವೆಲ್ಲವುಗಳಲ್ಲಿ ಸಿಲಿಕಾ ಇದೆ. ಒಣಗಿದ ಹಲಗೆಯನ್ನು ಕೈಯಂತ್ರದಿಂದ ಕತ್ತರಿಸಿದಾಗ ಏಳುವ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಶ್ವಾಸಕೋಶ ಸೇರಿ ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತದೆ. ಈ ರೋಗ ಒಮ್ಮೆ ಬಂದರೆ ವಾಸಿಯಾಗದು. ಕ್ಷಯ ತಗಲುವ ಅಪಾಯವನ್ನೂ ಹೆಚ್ಚಿಸುತ್ತದೆ. ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯ್ದೆಯಲ್ಲಿಯೇ ಇದನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಲಾಗಿತ್ತು. ಕ್ವಾರ್ಟ್ಜ್ ಹಾಸು ಕತ್ತರಿಸುವ ಯುವ ಕಾರ್ಮಿಕರಲ್ಲಿ ಈ ರೋಗ ಕಂಡುಬಂದ ಕಾರಣ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದರ ತಯಾರಿಕೆ, ಮಾರಾಟ, ಅಳವಡಿಕೆಗಳನ್ನು ನಿಷೇಧಿಸಿತು.

ಆದುದರಿಂದ ಕತ್ತರಿಸುವ ಕೆಲಸವನ್ನು ಆದಷ್ಟೂ ನೀರು ಹರಿಸುವ ಯಂತ್ರವಿರುವ ಕಾರ್ಖಾನೆಯಲ್ಲಿಯೇ ಮುಗಿಸಿ ತರಲು ಹೇಳಿ. ಮನೆಯಲ್ಲಿಯೇ ಕತ್ತರಿಸುವುದು ಅನಿವಾರ್ಯವಾದರೆ ಹೊರಗೆ, ನೀರು ಸುರಿಯುತ್ತಾ ಮಾಡಿಸಿ. ಮುಖಕ್ಕೆ ಕಟ್ಟಿಕೊಳ್ಳುವ ಟವೆಲ್ ಈ ದೂಳನ್ನು ತಡೆಯಲಾರದು; ಕೆಲಸಗಾರರಿಗೆ ಎನ್-95 ದರ್ಜೆಯ ಮುಖಗವಸು ಕೊಡಿ. ಮಕ್ಕಳನ್ನು ದೂರವಿಡಿ. ಉಳಿದ ದೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ನಿತ್ಯದ ಆರೈಕೆ

ಎರಡೂ ಬಗೆಯ ಹಾಸುಗಳಿಗೆ ದಿನನಿತ್ಯ ಬೇಕಾದದ್ದು ಪಾತ್ರೆ ತೊಳೆಯುವ ಸೌಮ್ಯ ಸಾಬೂನಿನ ನೀರು ಮತ್ತು ಮೆತ್ತನೆಯ ಬಟ್ಟೆ ಮಾತ್ರ. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಕೊನೆಗೆ ಒಣಬಟ್ಟೆಯಿಂದ ಒರೆಸುವುದನ್ನು ಮರೆಯಬಾರದು. ನೀರು ಆರಿದಂತೆ ಲವಣ ಉಳಿದು ನಲ್ಲಿಯ ಸುತ್ತ ಬಿಳಿಯ ಪೊರೆ ಕಟ್ಟುತ್ತದೆ. ಕಡು ಬಣ್ಣದ ಕಲ್ಲಿನಲ್ಲಿ ಅದು ಬೇಗ ಕಾಣುತ್ತದೆ.

ಗ್ರಾನೈಟ್ ಮೇಲೆ ಒಂದು ಚಮಚ ನೀರು ಹಾಕಿ ಹತ್ತು ಹದಿನೈದು ನಿಮಿಷ ಬಿಡಿ. ಆ ಜಾಗ ಕಪ್ಪಾದರೆ ಕಲ್ಲು ನೀರು ಹೀರುತ್ತಿದೆ ಎಂದರ್ಥ, ಸೀಲರ್ ಬಳಿಸಬೇಕು. ಹನಿ ಹಾಗೆಯೇ ನಿಂತರೆ ಅಗತ್ಯವಿಲ್ಲ.

ಗ್ರಾನೈಟ್ ಬಿಸಿ ತಾಳುತ್ತದೆಂದು ಕಾದ ಕಲ್ಲಿನ ಮೇಲೆ ತಣ್ಣೀರು ಸುರಿಯುವುದು ಸಲ್ಲದು. ಒಂದೇ ಕಡೆ ಹಠಾತ್ ಶಾಖವ್ಯತ್ಯಾಸವಾದರೆ ಕಲ್ಲು ಸೀಳಬಹುದು. ಕುಟ್ಟುವ ಕೆಲಸವನ್ನು ಯಾವ ಕಟ್ಟೆಯ ಮೇಲೂ ಮಾಡದೆ ನೆಲದಲ್ಲಿ ಮಾಡುವುದು ಕ್ಷೇಮ.

ಕಲೆ, ಗೀರುಗಳಿಗೆ ಪರಿಹಾರ

ಗ್ರಾನೈಟ್‌ನಲ್ಲಿ ಎಣ್ಣೆ ಕಲೆ: ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಕಲೆಯ ಮೇಲೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಬಳಿಕ ತೆರೆದು ಒಣಗಿಸಿ ಒರೆಸಿ. ಹಳೆಯ ಕಲೆಗೆ ಎರಡು ಮೂರು ಬಾರಿ ಮಾಡಬೇಕಾದೀತು.

ಸಾಲಿಡ್ ಸರ್ಫೇಸ್‌ನಲ್ಲಿ ಅರಿಶಿಣ: ಕೂಡಲೇ ಸಾಬೂನಿನ ನೀರಿನಿಂದ ತೊಳೆಯಿರಿ. ಉಳಿದರೆ ನೀರು ಬೆರೆಸಿದ ಬ್ಲೀಚ್ ಅನ್ನು ಕೆಲವು ನಿಮಿಷ ಹಚ್ಚಿ ಚೆನ್ನಾಗಿ ತೊಳೆಯಿರಿ. ಕಡು ಬಣ್ಣದ ಹಾಳೆಯಾದರೆ ಮೊದಲು ಮೂಲೆಯಲ್ಲಿ ಪರೀಕ್ಷಿಸಿ.

ಬಿಳಿಯ ಪೊರೆ: ಸಾಲಿಡ್ ಸರ್ಫೇಸ್ ಮೇಲೆ ನೀರು ಬೆರೆಸಿದ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತಿನಲ್ಲಿ ತೊಳೆದರೆ ಹೋಗುತ್ತದೆ. ಗ್ರಾನೈಟ್ ಮೇಲೆ ಇದನ್ನು ಪದೇ ಪದೇ ಬಳಸಬಾರದು. ಕಡಪ ಕಲ್ಲು, ಅಮೃತಶಿಲೆಗಳಿಗೆ ಖಂಡಿತ ಬೇಡ. ವಿನೆಗರ್ ಅಥವಾ ಶೌಚಾಲಯದ ಆ್ಯಸಿಡ್‌ನೊಂದಿಗೆ ಬ್ಲೀಚ್ ಎಂದಿಗೂ ಬೆರೆಯಕೂಡದು. ಹಾಗೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಗೀರು: ಸಾಲಿಡ್ ಸರ್ಫೇಸ್‌ನ ಸಣ್ಣ ಗೀರುಗಳನ್ನು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್‌ನಿಂದ ದುಂಡಾಗಿ ಉಜ್ಜಿ ತೆಗೆಯಬಹುದು. ಒಂದೇ ಬಿಂದುವಿನಲ್ಲಿ ಉಜ್ಜದೆ ಸುತ್ತಲೂ ಹರಡಿ ಉಜ್ಜಿದರೆ ಹೊಳಪು ಸಮವಾಗಿ ಕಾಣುತ್ತದೆ. ಆಳವಾದ ಗೀರು, ಬಿರುಕುಗಳಿಗೆ ಕೆಲಸಗಾರರೇ ಬರಬೇಕು. ಬಣ್ಣ ತೆಗೆಯುವ ದ್ರಾವಣಗಳನ್ನು ಇದರ ಬಳಿ ತರಬಾರದು.

ಹಾಸು ಅಳವಡಿಸಿದ ನಂತರ ಉಳಿದ ತುಂಡುಗಳಲ್ಲಿ ಒಂದೆರಡನ್ನು ಎತ್ತಿಡುವುದು ಲೇಸು. ಸಾಲಿಡ್ ಸರ್ಫೇಸ್ ಆದರೆ ಮುಂದಿನ ದುರಸ್ತಿಗೆ ಅದೇ ಬಣ್ಣದ ವಸ್ತು ದೊರೆಯುತ್ತದೆ. ಗ್ರಾನೈಟ್ ಆದರೆ ಯಾವುದೇ ಹೊಸ ಶುಚಿಕಾರಕವನ್ನು ಕಟ್ಟೆಗೆ ಹಚ್ಚುವ ಮೊದಲು ಅದರ ಮೇಲೆ ಪರೀಕ್ಷಿಸಬಹುದು. ರಸೀದಿ ಹಾಗೂ ಖಾತರಿ ಪತ್ರಗಳನ್ನೂ ಮನೆಯ ಉಳಿದ ಕಾಗದಪತ್ರಗಳ ಜೊತೆಗೆ ಕಾಯ್ದಿರಿಸಬೇಕು.