ಮನೆಯ ಮೂಲೆಯ ಡಬ್ಬಿ, ಮಾತಾಡದ ಮಗು



ಪುಣೆಯ ಯಾವ ಫ್ಲ್ಯಾಟಿಗೆ ಹೋದರೂ ಟಿವಿ ಪಕ್ಕದಲ್ಲೋ ಕಪಾಟಿನ ಮೇಲೋ ಹಸಿರು ದೀಪ ಮಿಟುಕಿಸುವ ವೈ-ಫೈ ಡಬ್ಬಿಯೊಂದು ಕಣ್ಣಿಗೆ ಬೀಳುತ್ತದೆ. ಅದೇ ಮನೆಯಲ್ಲಿ ಎರಡು ವರ್ಷದ ಮಗುವೊಂದು ಹೆಸರು ಹಿಡಿದು ಕರೆದರೂ ತಿರುಗಿ ನೋಡುತ್ತಿಲ್ಲ, ಇನ್ನೂ ‘ಅಮ್ಮ’ ಅಂದಿಲ್ಲ ಎಂದುಕೊಳ್ಳಿ. ಅಜ್ಜಿ ದೃಷ್ಟಿ ತೆಗೆಯುತ್ತಾರೆ. ಪಕ್ಕದ ಮನೆಯ ಕಾಕು, ‘ಟವರ್ ಹತ್ತಿರ ಇದೆಯಲ್ಲ, ಅದಕ್ಕೇ’ ಅನ್ನುತ್ತಾರೆ. ಆಟಿಸಂ ಬರುವುದೇ ವೈ-ಫೈಯಿಂದ ಎಂಬ ಸಂದೇಶ ಮೊಬೈಲಿಗೂ ಬರುತ್ತದೆ. ರಾತ್ರಿ ನಿದ್ದೆ ಬಾರದ ಅಪ್ಪ ಎದ್ದು ಹೋಗಿ ಡಬ್ಬಿಯ ಪ್ಲಗ್ ಕಿತ್ತು ಬರುತ್ತಾರೆ.

ಆ ಅಪ್ಪನನ್ನು ನೋಡಿ ನಗಬೇಡಿ. ಮಗುವಿನ ವಿಷಯದಲ್ಲಿ ಹೆತ್ತವರ ಹೆದರಿಕೆ ಸಹಜ. ಆದರೆ ಈ ಹೆದರಿಕೆಗೂ ಒಂದು ಚರಿತ್ರೆಯಿದೆ. ಬನ್ನಿ, ಅದನ್ನು ಇವತ್ತು ಸ್ವಲ್ಪ ನೋಡೋಣ.

ಮನೆಯೊಳಗಿನ ರೇಡಿಯೋ ತರಂಗ ಕನ್ನಡಿಗರಿಗೆ ಹೊಸದಲ್ಲ. ಕನ್ನಡ ನಾಡಿನ ಬಾನುಲಿ ಹುಟ್ಟಿದ್ದೇ ಒಂದು ಮನೆಯಲ್ಲಿ! ೧೯೩೫ರಲ್ಲಿ ಮೈಸೂರಿನ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ೩೦ ವಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಕೇಳಿಬಂದದ್ದು ಅಲ್ಲಿಂದಲೇ. ಅವರು ಇಂಜಿನಿಯರ್ ಆಗಿರಲಿಲ್ಲ, ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮನಸ್ಸನ್ನು ಓದುವ ವಿದ್ಯೆ ಮತ್ತು ತರಂಗವನ್ನು ಕಳಿಸುವ ವಿದ್ಯೆ ಎರಡೂ ಅಲ್ಲಿ ಒಂದೇ ಸೂರಿನಡಿ ಇದ್ದವು.

ನಮ್ಮ ಪುಣೆಯೂ ಹಿಂದೆ ಬಿದ್ದಿರಲಿಲ್ಲ. ಇಲ್ಲಿನ ಖಡಕಿ ಮತ್ತು ದೌಂಡ್‌ನ ಕೇಂದ್ರಗಳ ಮೂಲಕ ೧೯೨೭ರಲ್ಲೇ ಭಾರತ ಮತ್ತು ಇಂಗ್ಲೆಂಡ್ ನಡುವೆ ನಿಸ್ತಂತು ತಂತಿ ಸಂದೇಶ ಓಡಾಡತೊಡಗಿತು. ಪುಣೆ ಆಕಾಶವಾಣಿ ೧೯೫೩ರಲ್ಲಿ ಆರಂಭವಾಯಿತು. ಇಲ್ಲಿಂದ ಸುಮಾರು ೮೦ ಕಿ.ಮೀ. ದೂರದಲ್ಲಿ, ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ, ಪ್ರೊ. ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಕಟ್ಟಿದ ದೈತ್ಯ ರೇಡಿಯೋ ದೂರದರ್ಶಕವಿದೆ. ೪೫ ಮೀಟರ್ ಅಗಲದ ೩೦ ಬುಟ್ಟಿಗಳು ಅಲ್ಲಿ ದೂರದ ನಕ್ಷತ್ರಪುಂಜಗಳ ಅತಿ ಕ್ಷೀಣ ತರಂಗಗಳನ್ನು ಹಿಡಿಯುತ್ತವೆ. ರೇಡಿಯೋ ತರಂಗ ಕಣ್ಣಿಗೆ ಕಾಣದಿದ್ದರೂ ಅಳತೆಗೆ ಸಿಗದ ಮಾಯೆಯಲ್ಲ. ಅದನ್ನು ಅಳೆಯುವ ಪರಿಣತರು ನಮ್ಮ ನೆರೆಯಲ್ಲೇ ಇದ್ದಾರೆ.

ಹಾಗಾದರೆ ನಮ್ಮ ಡಬ್ಬಿಯನ್ನೂ ಅಳೆಯೋಣ. ಸಾಮಾನ್ಯ ವೈ-ಫೈ ರೂಟರ್ ಹೊರಸೂಸುವುದು ಸುಮಾರು ೦.೧ ವಾಟ್. ಮೈಸೂರಿನ ಆ ಮನೆಯ ಟ್ರಾನ್ಸ್‌ಮಿಟರ್ ಅದರ ೩೦೦ ಪಟ್ಟು. ಎರಡರ ತರಂಗಾಂತರ ಬೇರೆ ನಿಜ, ಆದರೆ ಪ್ರಮಾಣದ ಅಂದಾಜಾದರೂ ಸಿಗುತ್ತದೆ. ಇದಲ್ಲದೆ ದೂರ ಎರಡರಷ್ಟಾದರೆ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಕ್ಷ-ಕಿರಣದ ಹಾಗೆ ಅಣುಗಳನ್ನು ಒಡೆಯುವ ಶಕ್ತಿ ಈ ತರಂಗಗಳಿಗಿಲ್ಲ. ಬಹಳ ಪ್ರಬಲವಾಗಿದ್ದರೆ ಅವು ಬಿಸಿ ಮಾಡಬಲ್ಲವು, ಮಿತಿಗಳನ್ನು ಹಾಕಿರುವುದು ಆ ಕಾರಣಕ್ಕೆ. ನಮ್ಮ ದೇಶ ೨೦೧೨ರ ಸೆಪ್ಟೆಂಬರ್ ೧ರಿಂದ ಮೊಬೈಲ್ ಟವರ್‌ಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು.

ಇನ್ನು ಆಟಿಸಂ ಕಥೆಗೆ ಬರೋಣ. ಪುಸ್ತಕಗಳಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ೧೯೨೫ರಲ್ಲಿ ಮಾಸ್ಕೋದ ವೈದ್ಯೆ ಗ್ರುನ್ಯಾ ಸುಖರೇವಾ ಇಂಥ ಆರು ಹುಡುಗರ ಬಗ್ಗೆ ಬರೆದರು. ೧೯೪೩ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ೧೧ ಮಕ್ಕಳನ್ನು ವಿವರಿಸಿ, ಈ ಸ್ಥಿತಿಗೆ ಹೆಸರು ಕೊಟ್ಟರು. ಆಗ ಮೊಬೈಲೂ ಇರಲಿಲ್ಲ, ವೈ-ಫೈಯೂ ಇರಲಿಲ್ಲ.

ಹೆಸರು ಬಂದ ಮೇಲೆ ಹುಡುಕಾಟ ಶುರುವಾಯಿತು: ತಪ್ಪು ಯಾರದು? ಮೊದಲು ಸಿಕ್ಕಿಬಿದ್ದವಳು ತಾಯಿ. ಅಮ್ಮಂದಿರ ಪ್ರೀತಿ ಫ್ರಿಜ್ಜಿನ ಹಾಗೆ ತಣ್ಣಗಿದೆ, ಅದಕ್ಕೇ ಮಕ್ಕಳು ಹೀಗೆ ಎಂದರು. ೧೯೬೭ರಲ್ಲಿ ಬ್ರೂನೋ ಬೆಟಲ್‌ಹೈಮ್ ಅವರ ಪುಸ್ತಕ ಈ ಮಾತಿಗೆ ಇನ್ನಷ್ಟು ಬಲ ಕೊಟ್ಟಿತು. ಎಷ್ಟು ತಾಯಂದಿರು ತಮ್ಮನ್ನು ತಾವೇ ಶಪಿಸಿಕೊಂಡು ಕಣ್ಣೀರು ಹಾಕಿರಬೇಕು, ಯೋಚಿಸಿ! ೧೯೬೯ರಲ್ಲಿ ಸ್ವತಃ ಕ್ಯಾನರ್ ಪೋಷಕರ ಸಭೆಯಲ್ಲಿ ನಿಂತು, ತಪ್ಪು ನಿಮ್ಮದಲ್ಲ ಎಂದು ಹೇಳಬೇಕಾಯಿತು. ೧೯೭೭ರಲ್ಲಿ ಫೋಲ್‌ಸ್ಟೈನ್ ಮತ್ತು ರಟರ್ ೨೧ ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ತದ್ರೂಪಿ ಅವಳಿಗಳ ೧೧ ಜೋಡಿಗಳ ಪೈಕಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಉಳಿದ ೧೦ ಜೋಡಿಗಳಲ್ಲಿ ಹಾಗೆ ಒಂದೂ ಇರಲಿಲ್ಲ. ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂಬುದು ಅಲ್ಲಿಂದ ಸ್ಪಷ್ಟವಾಗುತ್ತಾ ಬಂತು.

ಆದರೂ ಹುಡುಕಾಟ ನಿಲ್ಲಲಿಲ್ಲ. ೧೯೯೮ರಲ್ಲಿ ಲಸಿಕೆಯ ಸರದಿ ಬಂತು. ಲಂಡನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ ೧೨ ಮಕ್ಕಳ ಮೇಲೆ ಬರೆದ ಪ್ರಬಂಧವನ್ನು ‘ಲ್ಯಾನ್ಸೆಟ್’ ಪತ್ರಿಕೆ ೨೦೧೦ರಲ್ಲಿ ಹಿಂದಕ್ಕೆ ಪಡೆಯಿತು. ಅಷ್ಟು ಹೊತ್ತಿಗೆ ಹೆದರಿಕೆ ಊರೆಲ್ಲಾ ಹಬ್ಬಿತ್ತು. ಅದರ ಬೆನ್ನಿಗೇ ನಿಸ್ತಂತು ತರಂಗದ ಸರದಿ. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವು ರೇಡಿಯೋ ತರಂಗಗಳನ್ನು ‘ಬಹುಶಃ ಸಾಧ್ಯ’ ಎಂಬ ಪಟ್ಟಿಗೆ ಸೇರಿಸಿತು. ಅದು ಕ್ಯಾನ್ಸರಿನ ಮಾತು, ಆಟಿಸಂನದ್ದಲ್ಲ. ೨೦೧೩ರಲ್ಲಿ ಮಾರ್ಥಾ ಹರ್ಬರ್ಟ್ ಮತ್ತು ಸಿಂಡಿ ಸೇಜ್ ಎಂಬವರು ಆಟಿಸಂಗೂ ಈ ತರಂಗಗಳಿಗೂ ನಂಟು ಇರಬಹುದೇ ಎಂದು ಎರಡು ಭಾಗಗಳ ಲೇಖನ ಬರೆದರು. ಹೀಗಿರಲು ಸಾಧ್ಯ ಎಂಬ ವಾದ ಅದು. ವೈ-ಫೈ ಇದ್ದ ಮನೆಯ ಮಕ್ಕಳನ್ನೂ ಇಲ್ಲದ ಮನೆಯ ಮಕ್ಕಳನ್ನೂ ಹೋಲಿಸಿ ನೋಡಿದ ಫಲಿತಾಂಶವಲ್ಲ. ಮನೆಯ ವೈ-ಫೈ ಆಟಿಸಂ ತರುತ್ತದೆ ಎನ್ನಲು ನಂಬಲರ್ಹವಾದ ಪುರಾವೆ ಇಂದಿಗೂ ಇಲ್ಲ.

ಹಾಗಿದ್ದರೆ ಅನುಮಾನ ಬರುವುದೇಕೆ? ನಮ್ಮ ದೇಶಕ್ಕೆ ಮೊಬೈಲ್ ಬಂದದ್ದು ೧೯೯೫ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, ೧೯೯೪ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿ ಆಟಿಸಂನ ವ್ಯಾಪ್ತಿಯನ್ನು ಹಿಗ್ಗಿಸಿತ್ತು. ಟವರ್‌ಗಳೂ ಹೆಚ್ಚಾದವು, ಗುರುತಿಸಲ್ಪಟ್ಟ ಮಕ್ಕಳೂ ಹೆಚ್ಚಾದರು. ಎರಡೂ ಒಟ್ಟಿಗೆ ಏರಿದವು ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಮಗು ನಡೆಯುವ, ಲಸಿಕೆ ಹಾಕಿಸಿಕೊಳ್ಳುವ, ಕೈಗೆ ಮೊಬೈಲ್ ಸಿಗುವ ವಯಸ್ಸಿನಲ್ಲೇ ಆಟಿಸಂನ ಲಕ್ಷಣಗಳೂ ಕಾಣತೊಡಗುತ್ತವೆ. ಕಣ್ಣೆದುರು ಇದ್ದುದರ ಮೇಲೆ ಅನುಮಾನ ಹೋಗುತ್ತದೆ, ಅಷ್ಟೇ.

ಪ್ಲಗ್ ಕಿತ್ತರೆ ನಷ್ಟವೇನು ಎಂದು ನೀವು ಕೇಳಬಹುದು. ರಾತ್ರಿ ಆರಿಸಿಡಿ, ನಷ್ಟವೇನಿಲ್ಲ. ನಷ್ಟವಾಗುವುದು ಬೇರೆ ಕಡೆ. ವಿಕಿರಣ ತಡೆಯುತ್ತದೆಂದು ಸ್ಟಿಕ್ಕರ್ ಕೊಂಡು, ಬಣ್ಣ ಬಳಿಸಿ, ‘ಇನ್ನು ಆರು ತಿಂಗಳು ನೋಡೋಣ’ ಎಂದು ಕೂತರೆ ಆ ಆರು ತಿಂಗಳು ಮಗುವಿಗೆ ಮರಳಿ ಬರುವುದಿಲ್ಲ. ಒಂದು ವರ್ಷವಾದರೂ ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಬಂದಿದ್ದ ಮಾತು ನಿಂತುಹೋದರೆ, ಕಾಯಬೇಡಿ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ರಜೆಗೆ ಊರಿಗೆ ಹೋಗುವವರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ ಇರುವವರಿಗೂ ಅನ್ವಯಿಸುತ್ತದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ೨೧ ವಿಧಗಳಲ್ಲಿ ಆಟಿಸಂ ಕೂಡ ಸೇರಿದೆ.

ಮೊಬೈಲ್ ಬಗ್ಗೆ ಚಿಂತಿಸಲೇಬೇಕಾದ ಸಂಗತಿಯೂ ಒಂದಿದೆ. ತರಂಗ ಅಲ್ಲ, ಪರದೆ. ೨ರಿಂದ ೪ ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಇನ್ನೂ ಕಡಿಮೆಯಾದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಹೇಳಿದೆ. ಪರದೆ ನೋಡುವ ಹೊತ್ತು ಯಾರೊಂದಿಗಾದರೂ ಮಾತಾಡುವ, ಆಡುವ ಹೊತ್ತನ್ನು ತಿನ್ನುತ್ತದೆ.

ಪುಣೆಯ ಕನ್ನಡಿಗರಿಗೆ ಇನ್ನೊಂದು ಮಾತು. ಹೊರಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಹಾಗಾಗಿ ಮಾತು ತಡವಾದ ಮಗುವಿನ ಮನೆಯಲ್ಲಿ ‘ಕನ್ನಡ ಬಿಟ್ಟುಬಿಡಿ, ಗೊಂದಲವಾಗುತ್ತದೆ’ ಎಂಬ ಸಲಹೆ ಸಿಗುವುದುಂಟು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತಿಗೆ ಹಾನಿಯಿಲ್ಲವೆಂದು ಹಲವು ಅಧ್ಯಯನಗಳು ತೋರಿಸಿವೆ. ಅಮ್ಮನಿಗೆ, ಅಜ್ಜಿಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಗುವಿನೊಂದಿಗೆ ಹೆಚ್ಚು ಮಾತು ಸಾಧ್ಯ.

ತಾಯಿ, ಲಸಿಕೆ, ಡಬ್ಬಿ, ಭಾಷೆ ಹೀಗೆ ತಪ್ಪಿತಸ್ಥರ ಹುಡುಕಾಟದಲ್ಲಿ ಎಂಬತ್ತು ವರ್ಷ ಕಳೆದಿದ್ದೇವೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಮಗು ಇದ್ದರೆ, ಅದರ ಅಮ್ಮನಿಗೆ ‘ನಿಮ್ಮ ತಪ್ಪಿಲ್ಲ’ ಎಂದು ಮೊದಲು ಹೇಳಿ. ಆಮೇಲೆ ವೈದ್ಯರ ಹತ್ತಿರ ಜೊತೆಗೆ ಹೋಗಿ ಬನ್ನಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಕೇಳ್ತಾ ಇರಿ.